ಒಬ್ಬನೇ ಒಡೆಯ, ಒಂದೇ ಬಣ್ಣ

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ದೊಡ್ಡಪ್ಪನವರ ಮನೆಯ ಮುಂದೆ, ತಗಡಿನ ಚಪ್ಪರದ ಕೆಳಗೆ, ಒಂದು ಮೋಟಾರ್ ಸೈಕಲ್ಲು ನಿಂತಿದೆ. 1969ರಲ್ಲಿ ಕೊಂಡದ್ದು, ಮೈಸೂರಿನಲ್ಲಿ ತಯಾರಾದ ಜಾವಾ. ಅದರ ನಂಬರು ಫಲಕ ಇಂದಿಗೂ ‘ಎಂವೈ’ ಎಂಬ ಅಕ್ಷರಗಳಿಂದಲೇ ಮೊದಲಾಗುತ್ತದೆ. ಅದು ಮನೆಗೆ ಬಂದಾಗ ನಮ್ಮ ನಾಡಿನ ಹೆಸರು ಮೈಸೂರು ರಾಜ್ಯ. ದಾವಣಗೆರೆ ಚಿತ್ರದುರ್ಗ ಜಿಲ್ಲೆಗೆ ಸೇರಿದ ಊರು. 1973ರಲ್ಲಿ ರಾಜ್ಯವು ಕರ್ನಾಟಕವಾಯಿತು, 1997ರಲ್ಲಿ ದಾವಣಗೆರೆಯೇ ಜಿಲ್ಲೆಯಾಯಿತು. ಗಾಡಿ ಮಾತ್ರ ಒಡೆಯನನ್ನೂ ಬದಲಿಸಲಿಲ್ಲ, ಬಣ್ಣವನ್ನೂ ಬದಲಿಸಲಿಲ್ಲ.

ಆ ಬಣ್ಣದ ವಿಷಯದಲ್ಲಿ ನಾನು ಮಾಡಹೊರಟ ಒಂದು ಅಪರಾಧವೇ ಈ ಲೇಖನಕ್ಕೆ ಕಾರಣ. ಅದನ್ನು ಹೇಳುವ ಮುನ್ನ ಗಾಡಿಯ ಕುಲಗೋತ್ರವನ್ನು ವಾಚಕರಿಗೆ ತಿಳಿಸಬೇಕು.

ಜಾವಾ ಎಂದೊಡನೆ ದ್ವೀಪವನ್ನು ನೆನೆಯುವವರುಂಟು. ಈ ಹೆಸರಿಗೂ ಆ ದ್ವೀಪಕ್ಕೂ ಸಂಬಂಧವಿಲ್ಲ. ಝೆಕೊಸ್ಲೊವಾಕಿಯದ ಫ್ರಾಂಟಿಷೆಕ್ ಯಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ಲಿನ ಹಕ್ಕನ್ನು ಕೊಂಡು, ತನ್ನ ಹೆಸರಿನ ಮೊದಲ ಎರಡಕ್ಷರಗಳಿಗೆ ಅದರ ಹೆಸರಿನ ಮೊದಲ ಎರಡಕ್ಷರಗಳನ್ನು ಜೋಡಿಸಿದ. ವ್ಯಾಕರಣದ ಮೇಷ್ಟ್ರಾದ ನನಗೆ ಇದನ್ನು ಯಾವ ಸಂಧಿಗೆ ಸೇರಿಸಬೇಕೋ ತಿಳಿಯದು. ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿಯವರು 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಸ್ಥಾಪಿಸಿದರು. ಮರುವರ್ಷದಿಂದ ಯಾದವಗಿರಿಯಲ್ಲಿ ಗಾಡಿಗಳು ಹೊರಬರತೊಡಗಿದವು. 1973ರ ಹೊತ್ತಿಗೆ ಅವು ಯೆಜ್ಡಿ ಎಂಬ ಹೆಸರು ತಳೆದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಹೆಸರನ್ನು 2018ರಲ್ಲಿಯೂ ಯೆಜ್ಡಿ ಹೆಸರನ್ನು 2022ರಲ್ಲಿಯೂ ಬೇರೊಂದು ಕಂಪನಿ ಮರಳಿ ಮಾರುಕಟ್ಟೆಗೆ ತಂದಿತಾದರೂ ಅವು ಹೊಸ ಗಾಡಿಗಳು. ನನ್ನ ಕಥೆ ಹಳೆಯದರದು.

ದೊಡ್ಡಪ್ಪ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. 1941ರಲ್ಲಿ ಸ್ಥಾಪಿತವಾಗಿ, ದೇಶಕ್ಕೆಲ್ಲ ಲೇತುಗಳನ್ನು ಮಾಡಿಕೊಟ್ಟು, ಈಗ ಬಾಗಿಲು ಮುಚ್ಚಿರುವ ಕಾರ್ಖಾನೆಯದು. ಅಲ್ಲಿಗೆ ಹದಿನಾಲ್ಕು ಕಿಲೋಮೀಟರು, ಅಲ್ಲಿಂದ ಮತ್ತೆ ಹದಿನಾಲ್ಕು. ಪೂನಾ–ಬೆಂಗಳೂರು ರಸ್ತೆಯ ಮೇಲೆ ಲಾರಿಗಳ ಧೂಳನ್ನು ನುಂಗುತ್ತ ಆ ಗಾಡಿ ಅವರನ್ನು ಸೇವೆಯ ಕೊನೆಯ ದಿನದವರೆಗೂ ಹೊತ್ತು ತಿರುಗಿತು. ಕಬ್ಬಿಣವನ್ನು ಕೂದಲೆಳೆಯ ಲೆಕ್ಕದಲ್ಲಿ ಅಳೆಯುವವರ ಕೈಗೆ ಸಿಕ್ಕ ಯಂತ್ರದ ಅದೃಷ್ಟವೇ ಬೇರೆ.

ಇನ್ನೂರೈವತ್ತು ಸಿ.ಸಿ.ಯ ಈ ಎಂಜಿನ್ನಿಗೆ ಸಿಲಿಂಡರು ಒಂದೇ, ಹೊಗೆ ಕೊಳವೆ ಮಾತ್ರ ಎರಡು. ಗಾಡಿಯನ್ನು ಚಾಲೂ ಮಾಡುವ ಕಿಕ್ಕನ್ನೇ ಮಡಿಸಿ ಮುಂದಕ್ಕೆ ತಂದರೆ ಅದೇ ಗೇರು. ಇದು ಟೂ-ಸ್ಟ್ರೋಕ್ ಜಾತಿಯದಾದ್ದರಿಂದ ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಬೇಕು. ಆ ಮಿಶ್ರಣವು ಒಳಗಿನ ಬೇರಿಂಗುಗಳನ್ನು ತೊಯಿಸಿಕೊಂಡು ಮೇಲೇರಿ ಉರಿಯುತ್ತದೆ. ಎಣ್ಣೆ ಕಡಿಮೆಯಾದರೆ ಪಿಸ್ಟನ್ನು ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ಕೊಳವೆಯಲ್ಲಿ ಮಸಿ ಕಟ್ಟಿ ಗಾಡಿಗೆ ಉಬ್ಬಸ ಹತ್ತುತ್ತದೆ. ದೊಡ್ಡಪ್ಪ ಎಣ್ಣೆಯನ್ನು ಅಳೆಯುವುದು ದೊಡ್ಡಮ್ಮನ ಅಡುಗೆಮನೆಯಿಂದ ಒಮ್ಮೆ ತಂದು ಮರಳಿ ಕೊಡದ ಒಂದು ಹಿತ್ತಾಳೆ ಲೋಟದಿಂದ. ವರ್ಷಕ್ಕೊಮ್ಮೆ ಕೊಳವೆಗಳನ್ನು ಬಿಚ್ಚಿ ಮಸಿ ಕೆರೆಯುತ್ತಾರೆ. ಇತ್ತೀಚೆಗೆ ಪೆಟ್ರೋಲಿಗೆ ಶೇಕಡ 20ರಷ್ಟು ಎಥನಾಲ್ ಬೆರೆತು ಬರುತ್ತಿರುವುದರಿಂದ ಅವರಿಗೆ ಹೊಸ ಚಿಂತೆ ಅಂಟಿದೆ. ಹಳೆಯ ಕಾಲದ ರಬ್ಬರಿಗೆ ಅದು ಒಗ್ಗದು; ನೀರಿನ ಪಸೆಯನ್ನೂ ಎಳೆದುಕೊಳ್ಳುತ್ತದೆ. ಆದುದರಿಂದ ಗಾಡಿಯನ್ನು ನಾಲ್ಕು ದಿನ ನಿಲ್ಲಿಸುವುದಾದರೆ ಕಾರ್ಬೊರೇಟರನ್ನು ಬರಿದುಮಾಡಿಯೇ ನಿಲ್ಲಿಸುತ್ತಾರೆ.

ಇಷ್ಟೆಲ್ಲ ಮಾಡುವವರು ಬಣ್ಣದ ತಂಟೆಗೆ ಮಾತ್ರ ಹೋದವರಲ್ಲ. ಕಾರ್ಖಾನೆಯಲ್ಲಿ ಬಳಿದ ಕುಂಕುಮಗೆಂಪು ಬಿಸಿಲಿಗೆ ಮಾಸಿ ಒಣಗಿದ ದಾಳಿಂಬೆ ಸಿಪ್ಪೆಯಂತಾಗಿದೆ. ಟ್ಯಾಂಕಿನ ಪಕ್ಕದ ಕ್ರೋಮಿನ ಮೇಲೆ ಅವರ ಮೊಣಕಾಲು ತಾಗಿ ತಾಗಿ ಮಂಕಾದ ಒಂದು ವೃತ್ತವಿದೆ. ನಮ್ಮ ಬಯಲುಸೀಮೆಯ ಒಣಹವೆಯ ಪುಣ್ಯದಿಂದ ತುಕ್ಕು ಹೆಚ್ಚಿಲ್ಲ; ಕರಾವಳಿಯಲ್ಲಿದ್ದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ.

ಕಳೆದ ವರ್ಷ ಅವರು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆ ಸೇರಿದರು. ಬೆಂಗಳೂರಿನಲ್ಲಿರುವ ನಮ್ಮಣ್ಣ, ಅಂದರೆ ಅವರ ಮಗ, ನನಗೆ ಫೋನು ಮಾಡಿ, “ಅಪ್ಪ ಮನೆಗೆ ಬರೋದ್ರೊಳಗೆ ಗಾಡಿಗೆ ಬಣ್ಣ ಹೊಡೆಸಿಬಿಡೋ. ಹೊಸ ಕಣ್ಣಿಗೆ ಹೊಸ ಗಾಡಿ ಕಾಣ್ಲಿ” ಎಂದ. ಮಾತು ನನಗೂ ಸೊಗಸೆನಿಸಿತು. ಗಾಡಿಯನ್ನು ತಳ್ಳಿಕೊಂಡೇ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿಯ ಹುಡುಗ ಉಪ್ಪುಕಾಗದ ತೆಗೆದುಕೊಂಡು ಹಿಂದಿನ ಮಡ್‌ಗಾರ್ಡನ್ನು ಉಜ್ಜತೊಡಗಿದ. ಗೆಂಪು ಧೂಳು ಉದುರಿತು. ಅಂಗೈಯಗಲ ಬೆಳ್ಳಗಿನ ತಗಡು ಕಾಣಿಸಿತು. ಆ ತಗಡನ್ನು 1969ರಿಂದೀಚೆಗೆ ಯಾರೂ ಕಂಡಿರಲಿಲ್ಲವೆಂಬುದು ಆಗ ಹೊಳೆಯಿತು. “ನಿಲ್ಸಪ್ಪಾ” ಎಂದೆ. ಅವನು ನಕ್ಕ. ಅರ್ಧ ದಿನದ ಕೂಲಿ ಕೊಟ್ಟು ಗಾಡಿಯನ್ನು ಮರಳಿ ತಳ್ಳಿಕೊಂಡು ಬಂದೆ.

ನನ್ನ ಕಸುಬೇ ನನ್ನನ್ನು ತಡೆಯಿತೆಂದು ಈಗ ತೋರುತ್ತದೆ. ಹರಿಹರದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1224ರ ಸುಮಾರಿಗೆ, ಪೊಲಾಳ್ವನೆಂಬ ದಂಡನಾಯಕ ಕಟ್ಟಿಸಿದ. ಆ ಆವರಣದ ಶಾಸನಗಳನ್ನು ತೋರಿಸಲು ನಾನು ವಿದ್ಯಾರ್ಥಿಗಳನ್ನು ಕರೆದೊಯ್ಯುವುದುಂಟು. ಸವೆದ ಅಕ್ಷರವನ್ನು ಉಳಿಯಿಂದ ಮತ್ತೆ ಕೊರೆದು ಚೆಂದ ಮಾಡೋಣವೆಂದು ಯಾರಾದರೂ ಹೊರಟರೆ ನಾವು ಸುಮ್ಮನಿರುತ್ತೇವೆಯೆ? ಓಲೆಗರಿಯ ಪ್ರತಿಯಲ್ಲಿ ಲಿಪಿಕಾರನ ತಪ್ಪನ್ನು ಕೂಡ ಅಳಿಸದೆ, ಅಡಿಯಲ್ಲಿ ಪಾಠಾಂತರವೆಂದು ಗುರುತಿಸಿ ಇಡುತ್ತೇವೆ. ಮೋಟಾರು ಗಾಡಿಗೂ ಈ ನ್ಯಾಯ ಸಲ್ಲುತ್ತದೆಂದು ಹೇಳಿದವರು ನನಗಿಂತ ಮೊದಲೇ ಇದ್ದಾರೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು 2012ರಲ್ಲಿ ಟ್ಯೂರಿನ್ ಸನ್ನದು ಎಂಬುದನ್ನು ಅಂಗೀಕರಿಸಿತು. ಪ್ರಾಚೀನ ಸ್ಮಾರಕಗಳಿಗಾಗಿ 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದೇ ಅದಕ್ಕೆ ಮಾದರಿ. ಇದ್ದುದನ್ನು ಇದ್ದಂತೆ ಕಾಪಾಡುವುದು ಮೊದಲು, ಹೊಸದಾಗಿಸುವುದು ಆಮೇಲೆ ಎಂಬುದು ಅದರ ನಿಲುವು.

ಆದರೆ ಕಾಪಾಡುವುದೆಂದರೆ ಮುಚ್ಚಿಡುವುದೆ? ಅಮೆರಿಕದ ಲಾಂಗ್ ಐಲೆಂಡಿನಲ್ಲಿ ಅರ್ವ್ ಗಾರ್ಡನ್ ಎಂಬ ವಿಜ್ಞಾನದ ಮೇಷ್ಟ್ರಿದ್ದರು. 1966ರ ಜೂನ್ 30ರಂದು ಅವರು ಸ್ವೀಡನ್ನಿನ ವೋಲ್ವೊ ಪಿ-1800 ಎಂಬ ಕೆಂಪು ಕಾರನ್ನು ಕೊಂಡರು. ಎರಡು ಬಾಗಿಲಿನ ಸೊಗಸಾದ ಸ್ಪೋರ್ಟ್ಸ್ ಕಾರು. ಬೆಲೆ 4,150 ಡಾಲರು, ಹೆಚ್ಚುಕಡಿಮೆ ಮೇಷ್ಟ್ರ ಒಂದು ವರ್ಷದ ಸಂಬಳ. (ನಮ್ಮವರಾದರೆ ಈ ಸುದ್ದಿ ಕೇಳಿ ಹೆಣ್ಣು ಕೊಡಲು ಹಿಂಜರಿಯುತ್ತಿದ್ದರು.) ಕೊಂಡ ವಾರಾಂತ್ಯದಲ್ಲಿಯೇ 1,500 ಮೈಲಿ ಓಡಿಸಿದರಂತೆ. ಶಾಲೆಗೆ ಹೋಗಿಬರುವ ದಾರಿ ದಿನಕ್ಕೆ 125 ಮೈಲಿ. 1987ರಲ್ಲಿ ಹತ್ತು ಲಕ್ಷ ಮೈಲಿ, 2002ರಲ್ಲಿ ಇಪ್ಪತ್ತು ಲಕ್ಷ, 2013ರ ಸೆಪ್ಟೆಂಬರಿನಲ್ಲಿ ಅಲಾಸ್ಕದ ರಸ್ತೆಯೊಂದರಲ್ಲಿ ಮೂವತ್ತು ಲಕ್ಷ! ಭೂಮಿಗೆ ನೂರಿಪ್ಪತ್ತು ಸುತ್ತು ಹಾಕಿದಷ್ಟಾಯಿತು. 2018ರಲ್ಲಿ ಅವರು ತೀರಿಕೊಳ್ಳುವವರೆಗೆ ಕಾರು ಅವರದೇ ಆಗಿತ್ತು. ಗುಟ್ಟೇನೆಂದು ಕೇಳಿದವರಿಗೆ, ಕಾರಿನೊಡನೆ ಬರುವ ಕೈಪಿಡಿಯನ್ನು ಓದಿ ಅದರಂತೆ ನಡೆಯಿರಿ ಎನ್ನುತ್ತಿದ್ದರು.

ನಮ್ಮ ಸರ್ಕಾರವು 2021ರ ಜುಲೈ ತಿಂಗಳಲ್ಲಿ ಮೋಟಾರು ನಿಯಮಗಳಿಗೆ ತಿದ್ದುಪಡಿ ಮಾಡಿ, ಐವತ್ತು ವರ್ಷ ದಾಟಿದ ವಾಹನಗಳಿಗೆ ‘ವಿಂಟೇಜ್’ ಎಂಬ ಪಟ್ಟ ಕೊಟ್ಟಿತು. ಅದು ಮೂಲರೂಪದಲ್ಲಿರಬೇಕು, ಚಾಸಿಯಾಗಲಿ ಒಡಲಾಗಲಿ ಎಂಜಿನ್ನಾಗಲಿ ಮಾರ್ಪಟ್ಟಿರಬಾರದು. ಮೊದಲೇ ನೋಂದಣಿಯಾದ ಗಾಡಿ ತನ್ನ ಹಳೆಯ ನಂಬರನ್ನು ಉಳಿಸಿಕೊಳ್ಳಬಹುದು. ನಮ್ಮ ‘ಎಂವೈ’ಗೆ ಅಪಾಯವಿಲ್ಲವೆಂದು ನಾನು ಉತ್ಸಾಹದಿಂದ ಅರ್ಜಿಯ ಮಾತೆತ್ತಿದೆ. ದೊಡ್ಡಪ್ಪ ನಿಯಮವನ್ನು ಪೂರ್ತಿ ಓದಿಸಿದರು. ಅಂಥ ಗಾಡಿಯನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲು ತುಂಬಿಸಲು, ದುರಸ್ತಿಗೆ ಒಯ್ಯಬಹುದೇ ಹೊರತು ದಿನದ ಓಡಾಟಕ್ಕೆ ಬಳಸುವಂತಿಲ್ಲ.

“ಅಂದ್ರೆ ಸಂತಿಗೆ ಹೋಗಾಂಗಿಲ್ಲೇನು?”

“ಇಲ್ಲ ದೊಡ್ಡಪ್ಪ.”

“ಹಂಗಾದ್ರೆ ಆ ಕಾಗ್ದ ನೀನೇ ಇಟ್ಕೊ.”

ಗಾರ್ಡನ್ ಮೇಷ್ಟ್ರೂ ಹೀಗೆಯೇ ಹೇಳುತ್ತಿದ್ದರೆಂದು ನನ್ನ ನಂಬಿಕೆ. ಆದರೆ ನಾನು ಹೇಳಬೇಕಾದುದು ಈ ಮಾತಿಗೂ ಹಿಂದಿನ, ಅವರು ಆಸ್ಪತ್ರೆಯಿಂದ ಬಂದ ದಿನದ ಸಂಗತಿ. ಕಣ್ಣಿಗೆ ಕಪ್ಪು ಕನ್ನಡಕ. ನಾನು ಅಪರಾಧವನ್ನು ಒಪ್ಪಿಕೊಳ್ಳಲು ಮಾತು ಜೋಡಿಸುತ್ತಿದ್ದಾಗಲೇ ಅವರು ಚಪ್ಪರದ ಕೆಳಗೆ ಹೋಗಿ, ಕನ್ನಡಕವನ್ನು ಸ್ವಲ್ಪ ಮೇಲೆತ್ತಿ, ಗಾಡಿಯನ್ನು ಮುಂದಿನಿಂದ ಹಿಂದಿನವರೆಗೆ ನೋಡಿದರು. ಪೊರೆ ಕವಿದ ಕಣ್ಣಿಗೆ ಬಣ್ಣಗಳು ಹಳದಿಗೂಡಿ ಮಬ್ಬಾಗಿ ಕಾಣುತ್ತವಂತೆ. ಎಷ್ಟೋ ವರ್ಷಗಳ ಬಳಿಕ ಅವರು ಆ ಗೆಂಪನ್ನು ಇದ್ದಂತೆ ನೋಡಿದ್ದು ಅಂದೇ.

“ಇಷ್ಟು ಮಾಸೈತೇನೋ ಇದು!” ಎಂದರು.

ನನ್ನ ಎದೆ ಹಾರಿತು. ಅಣ್ಣ ಹೇಳಿದ್ದೇ ಸರಿಯಾಗಿತ್ತೇನೋ ಎನಿಸಿತು. ಅಷ್ಟರಲ್ಲಿ ಅವರ ಬೆರಳು ಹಿಂದಿನ ಮಡ್‌ಗಾರ್ಡಿನ ಬಿಳಿಯ ಕಲೆಯ ಮೇಲೆ ನಿಂತಿತು. ನಾನು ಎಲ್ಲವನ್ನೂ ಹೇಳಿದೆ. ಅವರು ಬಯ್ಯಲಿಲ್ಲ. ಒಳಗಿನಿಂದ ಎಣ್ಣೆಯ ಬಟ್ಟೆ ತರಿಸಿ, ತುಕ್ಕು ಹಿಡಿಯದಂತೆ ಆ ತಗಡನ್ನು ಒರೆಸಿದರು.

ಇಂದಿಗೂ ಪ್ರತಿ ಭಾನುವಾರ ಬೆಳಿಗ್ಗೆ ಸಂತೆಗೆ ಹೊರಡುವ ಮುನ್ನ ಆ ಜಾಗವನ್ನು ಒರೆಸುವ ಕೆಲಸ ನನ್ನದು. ಬಟ್ಟೆಯನ್ನು ಅವರೇ ಕೈಗೆ ಕೊಡುತ್ತಾರೆ.