ಫ್ರಕ್ಟೋಸ್: ಹಣ್ಣಿನಲ್ಲಿ ಹಿತ, ಲೋಟದಲ್ಲಿ ಹೊರೆ

ಹಣ್ಣು, ಜೇನುತುಪ್ಪಗಳಲ್ಲಿ ಸಹಜವಾಗಿಯೇ ಇರುವ ಸಕ್ಕರೆ ಫ್ರಕ್ಟೋಸ್. ಚಹಾಕ್ಕೆ ಹಾಕುವ ಸಕ್ಕರೆ ಸುಕ್ರೋಸ್. ಜೀರ್ಣವಾಗುವಾಗ ಅದು ಒಡೆದು ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್ ಆಗುತ್ತದೆ. ಬೆಲ್ಲದಲ್ಲೂ ಬಹುಪಾಲು ಸುಕ್ರೋಸೇ ಇರುವುದರಿಂದ, ಸಕ್ಕರೆ ಬಿಟ್ಟು ಬೆಲ್ಲ ಹಿಡಿದವರಿಗೂ ಫ್ರಕ್ಟೋಸ್ ತಪ್ಪುವುದಿಲ್ಲ.

ದೇಹದೊಳಗೆ ಗ್ಲೂಕೋಸ್ ಮತ್ತು ಫ್ರಕ್ಟೋಸಿನ ದಾರಿ ಬೇರೆ ಬೇರೆ. ಗ್ಲೂಕೋಸನ್ನು ಮೆದುಳು, ಸ್ನಾಯು ಸೇರಿದಂತೆ ಎಲ್ಲ ಅಂಗಗಳೂ ಬಳಸುತ್ತವೆ. ಫ್ರಕ್ಟೋಸಿನ ಹೆಚ್ಚಿನ ಪಾಲು ಹೋಗುವುದು ಯಕೃತ್ತಿಗೆ. ಶಕ್ತಿ ಸಾಕಷ್ಟಿರುವಾಗ ಯಕೃತ್ತಿನ ಒಂದು ಕಿಣ್ವ ಗ್ಲೂಕೋಸಿನ ವಿಭಜನೆಯನ್ನು ನಿಧಾನಗೊಳಿಸುತ್ತದೆ. ಫ್ರಕ್ಟೋಸಿಗೆ ಆ ತಡೆ ಇಲ್ಲ, ಬಂದಷ್ಟೂ ವಿಭಜನೆಗೊಳ್ಳುತ್ತದೆ. ಈ ಭರದಲ್ಲಿ ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಖರ್ಚಾಗಿ ಯೂರಿಕ್ ಆಮ್ಲ ಹುಟ್ಟುತ್ತದೆ. ಮಿಕ್ಕಿದ್ದರಲ್ಲಿ ಒಂದಂಶ ಕೊಬ್ಬಾಗುತ್ತದೆ. ಬೇಕಾದ್ದಕ್ಕಿಂತ ಹೆಚ್ಚು ಕ್ಯಾಲೊರಿಯ ಜೊತೆಗೆ ಇದು ದಿನವೂ ನಡೆದರೆ ರಕ್ತದಲ್ಲಿ ಟ್ರೈಗ್ಲಿಸರೈಡ್ ಏರುತ್ತದೆ, ಯಕೃತ್ತಿನಲ್ಲಿ ಕೊಬ್ಬು ಶೇಖರವಾಗುತ್ತದೆ, ಇನ್ಸುಲಿನ್ನಿಗೆ ದೇಹ ಸರಿಯಾಗಿ ಸ್ಪಂದಿಸದಂತಾಗುತ್ತದೆ.

ಹಾಗೆಂದು ಹಣ್ಣಿಗೆ ಹೆದರಬೇಕಿಲ್ಲ. ಕಲಬುರಗಿ ಜಿಲ್ಲೆಯ ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ, ಸಿಹಿಗೆ ಹೆಸರಾದ ಹಣ್ಣು. ಬಾಳೆಹಣ್ಣಿನ ಸಕ್ಕರೆಯ ಜೊತೆ ನಾರು, ಪೊಟ್ಯಾಸಿಯಂ ಇರುತ್ತವೆ. ಸಾಧಾರಣ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಫ್ರಕ್ಟೋಸ್ ಸುಮಾರು 6 ಗ್ರಾಂ. ಅಗಿದು ನುಂಗುವುದರಿಂದ ಅದು ನಿಧಾನವಾಗಿ ಕರುಳಿಗಿಳಿಯುತ್ತದೆ; ಒಂದೆರಡು ತಿನ್ನುವಷ್ಟರಲ್ಲಿ ಹೊಟ್ಟೆಯೂ ತುಂಬುತ್ತದೆ.

ಪಾನೀಯದ ಲೆಕ್ಕ ಬೇರೆ. ಬಿಸಿಲು 40 ಡಿಗ್ರಿ ದಾಟಿದ ದಿನ ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ರೈಲು ಇಳಿದವರು 300 ಮಿ.ಲೀ. ತಂಪು ಪಾನೀಯ ಕುಡಿದರೆ ಸುಮಾರು 30 ಗ್ರಾಂ ಸಕ್ಕರೆ, ಅಂದರೆ 15 ಗ್ರಾಂ ಫ್ರಕ್ಟೋಸ್, ನಾಲ್ಕು ಗುಟುಕಿನಲ್ಲಿ ಒಳಗೆ ಹೋಗುತ್ತದೆ. ಹೊಟ್ಟೆ ತುಂಬುವುದಿಲ್ಲ, ಊಟವೂ ಕಡಿಮೆಯಾಗುವುದಿಲ್ಲ. ಕಬ್ಬಿನ ಹಾಲು ಸಹಜವಾದದ್ದೇ ಆದರೂ ಅದರಲ್ಲಿರುವುದೂ ನಾರಿಲ್ಲದ ಸುಕ್ರೋಸೇ.

ಫ್ರಕ್ಟೋಸ್ ರಕ್ತದ ಗ್ಲೂಕೋಸನ್ನು ಅಷ್ಟಾಗಿ ಏರಿಸುವುದಿಲ್ಲ. ಆ ಕಾರಣಕ್ಕೆ ಹಿಂದೆ ಅದನ್ನು ಮಧುಮೇಹಿಗಳಿಗೆ ಒಗ್ಗುವ ಸಿಹಿ ಎಂದೂ ಎಣಿಸಿದ್ದುಂಟು. ಆದರೆ ಗ್ಲುಕೋಮೀಟರ್ ಅಳೆಯುವುದು ಗ್ಲೂಕೋಸನ್ನು ಮಾತ್ರ. ಟ್ರೈಗ್ಲಿಸರೈಡ್ ಏರಿಕೆ, ಯಕೃತ್ತಿನ ಕೊಬ್ಬು ಅದರಲ್ಲಿ ಕಾಣುವುದಿಲ್ಲ. ಅವನ್ನು ಹಿಡಿಯಲು ಲಿಪಿಡ್ ಪರೀಕ್ಷೆ, ಯಕೃತ್ತಿನ ಪರೀಕ್ಷೆ, ಸ್ಕ್ಯಾನಿಂಗ್ ಬೇಕಾಗುತ್ತವೆ.

ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸಗಳಿಂದ ಬರುವ ಕ್ಯಾಲೊರಿ ದಿನದ ಒಟ್ಟು ಕ್ಯಾಲೊರಿಯ ಶೇ. 10ಕ್ಕಿಂತ ಕಡಿಮೆ ಇರಲಿ, ಶೇ. 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಶೇ. 5 ಎಂದರೆ ಸುಮಾರು 25 ಗ್ರಾಂ, ಆರು ಚಮಚ. ಇಡೀ ಹಣ್ಣು ಈ ಮಿತಿಗೆ ಒಳಪಡುವುದಿಲ್ಲ.