ಹತ್ತು ಸೆಂಟ್ಸ್ ಹಿತ್ತಿಲಿಗೆ ಯಾವ ಹುಲ್ಲಿನ ಯಂತ್ರ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆ ಹಿತ್ತಿಲುಗಳಲ್ಲಿ ವರ್ಷದ ಹುಲ್ಲೆಲ್ಲ ಬೆಳೆಯುವುದು ಜೂನ್‌ನಿಂದ ಅಕ್ಟೋಬರ್‌ವರೆಗಿನ ಐದು ತಿಂಗಳಲ್ಲಿ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಬೀಳುವ ಸುಮಾರು 4000 ಮಿಲಿಮೀಟರ್ ಮಳೆಯ ಬಹುಪಾಲು ಸುರಿಯುವುದೂ ಆಗಲೇ. ಘಟ್ಟದ ಬುಡದಲ್ಲಿರುವ ಬೆಳ್ತಂಗಡಿಗೆ ಇನ್ನಷ್ಟು ಹೆಚ್ಚು. ಮಳೆ ಹಿಡಿದ ಮೂರು ವಾರಕ್ಕೆ ಪಾದ ಮುಚ್ಚುವ ಹುಲ್ಲು ಆಟಿ ತಿಂಗಳಿಗೆ ಮೊಣಕಾಲು ಮುಟ್ಟುತ್ತದೆ. ಹಟ್ಟಿಯಲ್ಲಿ ದನಗಳಿದ್ದಾಗ ದಿನಾ ಒಂದಿಷ್ಟು ಹುಲ್ಲು ಕತ್ತಿಯಲ್ಲೇ ಹೆರೆದು ಹೋಗುತ್ತಿತ್ತು. ಹಟ್ಟಿ ಖಾಲಿಯಾಗಿ, ಆಳು ಸಿಗುವುದು ಕಷ್ಟವಾದ ಮೇಲೆ ಅಡಿಕೆ ತೋಟಗಳಿಗೆ ಪೆಟ್ರೋಲಿನ ಬ್ರಷ್ ಕಟರ್ ಬಂತು. ಐದು-ಹತ್ತು ಸೆಂಟ್ಸ್ ಜಾಗದ ಮನೆಯವರಿಗೆ ಅದರ ಭಾರ, ಸದ್ದು, ಪೆಟ್ರೋಲಿಗೆ ಆಯಿಲ್ ಬೆರೆಸುವ ರಗಳೆ ಎಲ್ಲವೂ ಅತಿಯೇ. ಅಂಥವರಿಗೆ ಹೊಂದುವುದು ಕರೆಂಟಿನ ಅಥವಾ ಬ್ಯಾಟರಿಯ ಯಂತ್ರ. ಅದರಲ್ಲಿ ಯಾವುದು ಎಂಬುದನ್ನು ಜಾಗದ ಅಳತೆಗಿಂತ ಹೆಚ್ಚಾಗಿ ನೆಲದ ಗುಣ ತೀರ್ಮಾನಿಸುತ್ತದೆ.

ಅಳತೆಯ ಲೆಕ್ಕ ಸುಲಭ. ಒಂದು ಸೆಂಟ್ ಅಂದರೆ 435.6 ಚದರ ಅಡಿ, ಸುಮಾರು 40 ಚದರ ಮೀಟರ್. ಹತ್ತು ಸೆಂಟ್ಸ್ ಜಾಗದಲ್ಲಿ ಮನೆ, ಬಾವಿಕಟ್ಟೆ, ಇಂಟರ್‌ಲಾಕ್ ಹಾಕಿದ ಅಂಗಳ ಕಳೆದರೆ ಹುಲ್ಲು ಬೆಳೆಯಲು ಉಳಿಯುವುದು ಮೂರು-ನಾಲ್ಕು ಸೆಂಟ್ಸ್, ಅಂದರೆ 120ರಿಂದ 160 ಚದರ ಮೀಟರ್. ಇಷ್ಟನ್ನು ಯಾವ ವಿದ್ಯುತ್ ಯಂತ್ರವೂ ನಿಭಾಯಿಸುತ್ತದೆ. ತೊಡಕಿರುವುದು ನೆಲದಲ್ಲಿ. ಇಲ್ಲಿನ ಹಿತ್ತಿಲು ಹೆಚ್ಚಾಗಿ ಗುಡ್ಡ ತಗ್ಗಿಸಿ ಮಾಡಿದ ಇಳಿಜಾರು. ಮಣ್ಣಿನಿಂದ ಅಲ್ಲಲ್ಲಿ ಮುರಕಲ್ಲಿನ ತುಂಡುಗಳು ತಲೆ ಎತ್ತಿರುತ್ತವೆ. ತೆಂಗಿನ ಬುಡದ ಕಟ್ಟೆ, ಮಳೆನೀರು ಹೋಗುವ ಕಣಿ, ಪಾಗಾರದ ಮೂಲೆ ಎಲ್ಲ ಕಡೆಯೂ ಹುಲ್ಲು. ಹುಲ್ಲೆಂದರೂ ಅದು ಗರಿಕೆಯೊಂದೇ ಇರುವುದಿಲ್ಲ. ನಾಚಿಕೆ ಮುಳ್ಳು, ಜೇಕು, ಎಳೆಯ ಕಮ್ಯುನಿಸ್ಟ್ ಗಿಡ ಎಲ್ಲವೂ ಸೇರಿದ ಪೊದೆ.

ಮೂರು ಬಗೆ

ಮೊದಲನೆಯದು ಚಕ್ರದ ಮೇಲೆ ತಳ್ಳಿಕೊಂಡು ಹೋಗುವ ಲಾನ್ ಮೋವರ್. ಇದರ ಮೂಲ ಇಂಗ್ಲೆಂಡಿನ ಸ್ಟ್ರೌಡ್ ಪಟ್ಟಣ. ಅಲ್ಲಿನ ಎಡ್ವಿನ್ ಬಡ್ಡಿಂಗ್ ಬಟ್ಟೆ ಗಿರಣಿಯಲ್ಲಿ ಉಣ್ಣೆ ಬಟ್ಟೆಯ ನವಿರು ಕತ್ತರಿಸುವ ಉರುಳೆಯನ್ನು ಕಂಡು, ಅದೇ ತತ್ವದ ಹುಲ್ಲಿನ ಯಂತ್ರಕ್ಕೆ 1830ರಲ್ಲಿ ಪೇಟೆಂಟ್ ಪಡೆದ. ಸಪಾಟು ನೆಲದ, ಒಂದೇ ಜಾತಿಯ, ಗಿಡ್ಡ ಹುಲ್ಲಿಗಾಗಿ ಹುಟ್ಟಿದ ಯಂತ್ರ ಅದು. ಇಂದಿನ ವಿದ್ಯುತ್ ಮೋವರ್‌ಗಳಲ್ಲಿ ಉರುಳೆಯ ಬದಲು ಡಬ್ಬದೊಳಗೆ ಅಡ್ಡಲಾಗಿ ತಿರುಗುವ ಅಲಗು ಇದ್ದರೂ ಅವು ಬಯಸುವ ನೆಲ ಬದಲಾಗಿಲ್ಲ. ಮನೆ ಮುಂದೆ ಮಟ್ಟ ಮಾಡಿಸಿ ಹುಲ್ಲುಹಾಸು ಹಾಕಿಸಿದವರಿಗೆ 32ರಿಂದ 38 ಸೆಂಟಿಮೀಟರ್ ಅಗಲಕ್ಕೆ ಕತ್ತರಿಸುವ ಮೋವರ್ ಸಾಕು. 32 ಸೆಂಟಿಮೀಟರಿನ ಯಂತ್ರದಲ್ಲಿ 150 ಚದರ ಮೀಟರ್ ಮುಗಿಸುವುದು ಅರ್ಧ ಕಿಲೋಮೀಟರ್ ನಡಿಗೆಯ ಕೆಲಸ. ಅದೇ ಯಂತ್ರವನ್ನು ಆಗಸ್ಟಿನ ಮೊಣಕಾಲುದ್ದದ ಒದ್ದೆ ಹುಲ್ಲಿಗೆ ನುಗ್ಗಿಸಿದರೆ ಡಬ್ಬದೊಳಗೆ ಮುದ್ದೆ ಕಟ್ಟಿ ಮೋಟಾರ್ ನಿಲ್ಲುತ್ತದೆ; ಮುರಕಲ್ಲು ತಗುಲಿದರೆ ಅಲಗಿನ ಬಾಯಿ ಹೋಗುತ್ತದೆ.

ಎರಡನೆಯದು ನೈಲಾನ್ ದಾರದ ಟ್ರಿಮ್ಮರ್. ಅಮೆರಿಕದ ಹ್ಯೂಸ್ಟನ್ ನಗರದ ಜಾರ್ಜ್ ಬಲ್ಲಾಸ್ 1970ರ ದಶಕದ ಆರಂಭದಲ್ಲಿ, ಕಾರು ತೊಳೆಯುವ ಯಂತ್ರದ ತಿರುಗುವ ಬ್ರಷ್ಷುಗಳನ್ನು ನೋಡಿ ಇದನ್ನು ರೂಪಿಸಿದ. ಅವನ ಗುರಿ ಇದ್ದದ್ದು ಮರದ ಬುಡದ, ಮೋವರ್ ತಲುಪದ ಹುಲ್ಲಿನ ಮೇಲೆ. ಕಣಿ, ಕಟ್ಟೆ, ಮೂಲೆಗಳೇ ತುಂಬಿರುವ ಕರಾವಳಿಯ ಹಿತ್ತಿಲಿಗೆ ಇದು ಒಗ್ಗುವುದು ಅದೇ ಕಾರಣಕ್ಕೆ. ಕಲ್ಲಿಗೆ ತಗುಲಿದರೆ ಸವೆಯುವುದು ದಾರ ಮಾತ್ರ. ಮೂರನೆಯದು ಬ್ಯಾಟರಿಯ ಬ್ರಷ್ ಕಟರ್. ಇದಕ್ಕೆ ದಾರದ ತಲೆಯನ್ನೂ ಲೋಹದ ಅಲಗನ್ನೂ ಬದಲಿಸಿ ಹಾಕಬಹುದು. ನಾಚಿಕೆ ಮುಳ್ಳು, ಬೆರಳು ಗಾತ್ರದ ಪೊದೆ ಇರುವಲ್ಲಿ ಅಲಗು ಬೇಕಾಗುತ್ತದೆ. ಈ ಮೂರೂ ಊರುಗಳ ಹೆಚ್ಚಿನ ಸಣ್ಣ ಹಿತ್ತಿಲುಗಳಿಗೆ ಎರಡನೆಯದು ಅಥವಾ ಮೂರನೆಯದೇ ಸರಿ. ಮೋವರ್ ಏನಿದ್ದರೂ ಹುಲ್ಲುಹಾಸಿನ ಮನೆಗೆ.

ಅಡಿಕೆ ಒಣಗಿಸುವ ಅಂಗಳದ ವಿಷಯ ಬೇರೆ. ಮಳೆ ಬಿಟ್ಟ ಮೇಲೆ ಅದನ್ನು ಬೇರುಸಹಿತ ಹೆರೆದು ನಯ ಮಾಡಬೇಕು. ಯಂತ್ರ ಕೂಳೆ ಉಳಿಸುವುದರಿಂದ ಆ ಕೆಲಸ ಇಂದಿಗೂ ಹಾರೆ-ಕತ್ತಿಯದೇ.

ವಯರೋ ಬ್ಯಾಟರಿಯೋ?

ವಯರಿನ ಯಂತ್ರ ಅಗ್ಗ, ಹಗುರ, ಚಾರ್ಜ್ ಮುಗಿಯುವ ಚಿಂತೆಯಿಲ್ಲ. 1400 ವಾಟ್‌ನ ಯಂತ್ರ ಅರ್ಧ ಗಂಟೆ ನಡೆದರೆ 0.7 ಯೂನಿಟ್ ಖರ್ಚು. ಆದರೆ ವಯರು ಆರಿಸುವುದರಲ್ಲಿ ಎಚ್ಚರ ಬೇಕು. 230 ವೋಲ್ಟ್‌ನಲ್ಲಿ ಈ ಯಂತ್ರ ಸುಮಾರು 6 ಆಂಪಿಯರ್ ಎಳೆಯುತ್ತದೆ. 1.5 ಚದರ ಮಿಲಿಮೀಟರಿನ 30 ಮೀಟರ್ ವಯರಿನಲ್ಲಿ ನಾಲ್ಕೂವರೆ ವೋಲ್ಟಿನಷ್ಟು ಇಳಿದರೆ, ಮದುವೆ ಚಪ್ಪರದ ದೀಪಕ್ಕೆ ಬಳಸುವಂಥ 0.75ರ ಸಣ್ಣ ವಯರಿನಲ್ಲಿ ಅದರ ದುಪ್ಪಟ್ಟು. ಹಳ್ಳಿಯ ಲೈನಿನಲ್ಲಿ ವೋಲ್ಟೇಜ್ ಮೊದಲೇ ಇಳಿದಿದ್ದರೆ ಮೋಟಾರ್ ಬಿಸಿಯಾಗುತ್ತದೆ. ಸುತ್ತಿಟ್ಟ ವಯರು ಕೂಡ ಬಿಸಿಯಾಗುವುದರಿಂದ ಪೂರ್ತಿ ಬಿಡಿಸಿಯೇ ಬಳಸಬೇಕು. ನೆಲ ಒದ್ದೆ ಇರುವ ಈ ಸೀಮೆಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದ ಪ್ಲಗ್ಗಿಗೆ ಹುಲ್ಲಿನ ಯಂತ್ರ ಜೋಡಿಸಬಾರದು. ಕರೆಂಟ್ ಸೋರಿದ ತಕ್ಷಣ ಲೈನ್ ಕಡಿಯುವುದು ಅದೇ. ಸಾಮಾನ್ಯ ಎಂಸಿಬಿ ಆ ಕೆಲಸ ಮಾಡದು.

ಬ್ಯಾಟರಿ ಯಂತ್ರಕ್ಕೆ ವಯರಿನ ತೊಡಕಿಲ್ಲ, ಪ್ಲಗ್ಗಿನಿಂದ ದೂರದ ಮೂಲೆಗೂ ಹೋಗುತ್ತದೆ, ಮಳೆಗಾಲದಲ್ಲಿ ಕರೆಂಟ್ ಹೋದರೂ ನಡೆಯುತ್ತದೆ. ಕೊಳ್ಳುವಾಗ ನೋಡಬೇಕಾದದ್ದು ಬ್ಯಾಟರಿಯ ವಾಟ್-ಅವರ್. ವೋಲ್ಟನ್ನು ಆಂಪಿಯರ್-ಅವರಿನಿಂದ ಗುಣಿಸಿದರೆ ಬರುವ ಲೆಕ್ಕ ಅದು. 18 ವೋಲ್ಟ್, 4 ಆಂಪಿಯರ್-ಅವರ್ ಅಂದರೆ 72. 36 ವೋಲ್ಟ್, 4 ಆಂಪಿಯರ್-ಅವರ್ ಅಂದರೆ 144. ಮೋಟಾರ್ 300 ವಾಟ್ ಎಳೆದರೆ ಮೊದಲನೆಯದು ಕಾಲು ಗಂಟೆಯೊಳಗೆ ಮುಗಿಯುತ್ತದೆ, ಎರಡನೆಯದು ಅರ್ಧ ಗಂಟೆಯ ಹತ್ತಿರ ಬರುತ್ತದೆ. ಅಂಗಡಿಯಲ್ಲಿ 18, 20, 21 ವೋಲ್ಟ್ ಎಂದು ಬೇರೆ ಬೇರೆ ಬರೆದಿದ್ದರೂ ಒಳಗಿರುವುದು ಸಾಮಾನ್ಯವಾಗಿ ಅದೇ ಐದು ಸೆಲ್‌ಗಳ ಸರಣಿ. 21 ಎಂಬುದು ಪೂರ್ತಿ ಚಾರ್ಜ್ ಆದಾಗಿನ ಅಂಕಿ. ಅಗ್ಗದ ಪ್ಯಾಕ್‌ಗಳ ಮೇಲೆ ಕಾಣುವ ‘48 ವಿಎಫ್’, ‘88 ವಿಎಫ್’ ಎಂಬ ದೊಡ್ಡ ಅಕ್ಷರಗಳಿಗೂ ನಿಜವಾದ ವೋಲ್ಟಿಗೂ ಸಂಬಂಧವಿಲ್ಲ. ಪೆಟ್ಟಿಗೆಯಲ್ಲಿ ಬ್ಯಾಟರಿ, ಚಾರ್ಜರ್ ಸೇರಿದೆಯೋ, ಬರೀ ಯಂತ್ರವೋ ಎಂಬುದನ್ನೂ ಕೇಳಬೇಕು. ಎರಡು ಬ್ಯಾಟರಿ ಬರುವ ಸೆಟ್ ಆದರೆ ಒಂದು ಚಾರ್ಜ್ ಆಗುವಷ್ಟರಲ್ಲಿ ಇನ್ನೊಂದರಲ್ಲಿ ಕೆಲಸ ಸಾಗುತ್ತದೆ. ಕಾರ್ಬನ್ ಬ್ರಷ್ ಇಲ್ಲದ ಮೋಟಾರಿಗೆ ಬೆಲೆ ಹೆಚ್ಚಾದರೂ ಒಂದೇ ಚಾರ್ಜಿನಲ್ಲಿ ಹೆಚ್ಚು ಹೊತ್ತು ನಡೆಯುತ್ತದೆ, ಸವೆತವೂ ಕಡಿಮೆ.

ಯಾವ ಬಗೆಯೇ ಆಗಲಿ, ದಾರದ ಸ್ಪೂಲ್, ಅಲಗು, ಬ್ಯಾಟರಿ ಇವು ಬಿ.ಸಿ. ರೋಡಿನಲ್ಲೋ ಮೂಡುಬಿದಿರೆ ಪೇಟೆಯಲ್ಲೋ ಮಂಗಳೂರಿನಲ್ಲೋ ಸಿಗುತ್ತವೆಯೇ ಎಂದು ಮೊದಲೇ ವಿಚಾರಿಸುವುದು ಒಳ್ಳೆಯದು. ಬಿಡಿಭಾಗ ಸಿಗದ ಯಂತ್ರ ಎರಡನೇ ಮಳೆಗಾಲಕ್ಕೆ ಕೊಟ್ಟಿಗೆ ಸೇರುತ್ತದೆ.

ಬಳಕೆ, ಜೋಪಾನ

ಯಂತ್ರ ಹಿಡಿಯುವ ಮೊದಲು ಹಿತ್ತಿಲನ್ನೊಮ್ಮೆ ಸುತ್ತಿ ಕಲ್ಲು, ತೆಂಗಿನ ಗೆರಟೆ, ತಂತಿ ಹೆಕ್ಕಬೇಕು. ನೀರು ನಿಂತ ಗೆರಟೆ ತೆಗೆದರೆ ಸೊಳ್ಳೆಯೂ ಕಡಿಮೆಯಾಗುತ್ತದೆ. ಉದ್ದದ ಕೋಲಿನಿಂದ ಹುಲ್ಲನ್ನು ತಟ್ಟುತ್ತ ನಡೆದರೆ ಕನ್ನಡಿ ಹಾವಿನಂಥವು ಸರಿದು ಹೋಗಲು ಅವಕಾಶವಿರುತ್ತದೆ. ಗಂಬೂಟು, ದಪ್ಪ ಪ್ಯಾಂಟು, ಕನ್ನಡಕ ಕಡ್ಡಾಯ. ದಾರದ ಹೊಡೆತಕ್ಕೆ ಸಿಕ್ಕ ಕಲ್ಲಿನ ಚೂರು ಕಿಟಕಿಯ ಗಾಜು ಒಡೆಯುವಷ್ಟು ವೇಗದಲ್ಲಿ ಹಾರುತ್ತದೆ. ಮಕ್ಕಳು ಕನಿಷ್ಠ 15 ಮೀಟರ್ ದೂರವಿರಬೇಕು. ಸಿಕ್ಕಿಕೊಂಡ ಹುಲ್ಲು ಬಿಡಿಸುವಾಗ ಪ್ಲಗ್ ಅಥವಾ ಬ್ಯಾಟರಿ ತೆಗೆದಿರಬೇಕು.

ಹೆಚ್ಚು ಹಾನಿಯಾಗುವುದು ಗಿಡಗಳಿಗೆ. ಅಡಿಕೆ, ತೆಂಗಿಗೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿಯ ಬುಡ ಹುಲ್ಲಿನಲ್ಲಿ ಕಾಣುವುದಿಲ್ಲ. ದಾರ ಒಂದು ಸಲ ತಗುಲಿದರೂ ಬುಡ ಕಡಿದು, ಮೇಲೆ ಹಬ್ಬಿದ ಇಡೀ ಬಳ್ಳಿ ಒಣಗುತ್ತದೆ. ಮಾವು, ಪೇರಳೆ, ಕರಿಬೇವಿನ ಎಳೆ ಗಿಡಗಳ ತೊಗಟೆ ಸುತ್ತಲೂ ಎದ್ದುಹೋದರೆ ಅವೂ ಉಳಿಯವು. ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಬುಡಕ್ಕೆ ತೊಡಿಸಿದರೆ, ಅಥವಾ ಬುಡದ ಒಂದು ಗೇಣು ಜಾಗವನ್ನು ಕೈಯಲ್ಲೇ ಹೆರೆದರೆ ಈ ನಷ್ಟ ತಪ್ಪುತ್ತದೆ.

ಹುಲ್ಲು ಮೊಣಕಾಲು ಮುಟ್ಟುವವರೆಗೆ ಕಾಯದೆ ಜೂನ್ ಕೊನೆಗೆ ಮೊದಲ ಸಲ ಕೊಚ್ಚಿದರೆ ಸಣ್ಣ ಯಂತ್ರವೂ ಸಾಕಾಗುತ್ತದೆ. ಬೀಜ ಕಟ್ಟುವ ಮುಂಚೆ ಇನ್ನೊಮ್ಮೆ ಕೊಚ್ಚಿದರೆ ಮುಂದಿನ ವರ್ಷದ ಕಳೆ ಇಳಿಯುತ್ತದೆ. ಜೇಕಿನಂಥ ಗಡ್ಡೆಯ ಕಳೆ ಮಾತ್ರ ಕೊಚ್ಚಿದಷ್ಟೂ ಚಿಗುರುತ್ತದೆ, ಅದನ್ನು ಅಗೆದೇ ತೆಗೆಯಬೇಕು. ಹುಲ್ಲುಹಾಸಾದರೆ ಒಂದು ಸಲಕ್ಕೆ ಎತ್ತರದ ಮೂರನೇ ಒಂದಂಶಕ್ಕಿಂತ ಹೆಚ್ಚು ಕತ್ತರಿಸಬಾರದು. ಒಣಗಿ ಬಿರುಸಾದ ನೈಲಾನ್ ದಾರವನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿದರೆ ಬೇಗ ತುಂಡಾಗುವುದಿಲ್ಲ. ಕೊಚ್ಚಿದ ಹುಲ್ಲು ತೆಂಗಿನ ಬುಡಕ್ಕೆ ಒಳ್ಳೆಯ ಮುಚ್ಚಿಗೆ.

ಕೆಲಸ ಮುಗಿದ ಮೇಲೆ ಯಂತ್ರಕ್ಕೆ ನೀರು ಹಾಯಿಸದೆ ಒಣ ಬಟ್ಟೆಯಿಂದ ಒರಸಬೇಕು. ಬೇಸಗೆಯಲ್ಲಿ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ತಂಪಾದ ಜಾಗದಲ್ಲಿ, ಮಳೆಗಾಲದಲ್ಲಿ ತೇವ ತಾಗದ ಮುಚ್ಚಿದ ಡಬ್ಬದಲ್ಲಿ ಇಡಬೇಕು. ವರ್ಷಕ್ಕೆ ಎರಡೇ ಸಲ ಹುಲ್ಲು ತೆಗೆಸುವವರಿಗೆ ಗಂಟೆ ಲೆಕ್ಕದಲ್ಲಿ ಬ್ರಷ್ ಕಟರ್ ತರುವವರನ್ನು ಕರೆಸುವುದೇ ಅಗ್ಗವಾದೀತು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ನಡೆಸುವಂಥ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲೂ ಬಾಡಿಗೆಗೆ ವಿಚಾರಿಸಬಹುದು. ಮಳೆಗಾಲದುದ್ದಕ್ಕೂ ಮೂರು ವಾರಕ್ಕೊಮ್ಮೆ ಹುಲ್ಲು ತೆಗೆಯಲೇಬೇಕಾದ ಮನೆಗೆ ಸ್ವಂತ ಯಂತ್ರವೇ ಲಾಭ.