ಬಾಲಾಪರಾಧಿಗೆ ಯಾವಜ್ಜೀವ ಕಾರಾವಾಸವು ಯುಕ್ತವೇ?

(ತೆಂಗಿನಗುಂಡಿಯ ಓರ್ವ ನಿವೃತ್ತ ಶಿಕ್ಷಕರಿಂದ)

ಹದಿನಾರು ಹದಿನೇಳು ವರ್ಷದ ಹುಡುಗನೊಬ್ಬನು ಕೊಲೆಯಂಥ ಘೋರಕೃತ್ಯವನ್ನು ಮಾಡಿದನೆಂಬ ಸುದ್ದಿಯು ವರ್ತಮಾನಪತ್ರದಲ್ಲಿ ಬಂದಾಗಲೆಲ್ಲ ಮನೆಮನೆಯ ಜಗಲಿಯ ಮೇಲೆ ಒಂದು ಪ್ರಶ್ನೆ ಏಳುವದುಂಟು: ದೊಡ್ಡವರಿಗೆ ವಿಧಿಸುವ ಯಾವಜ್ಜೀವ ಕಾರಾವಾಸವನ್ನೇ ಇವನಿಗೂ ವಿಧಿಸಬೇಕೇ, ಬಾರದೇ? ‘ಮಾಡಿದ್ದುಣ್ಣೋ ಮಹಾರಾಯ’ ಎಂದು ಒಬ್ಬರು ಹೇಳುವರು; ‘ಪಾಪ, ಇನ್ನೂ ಹುಡುಗ’ ಎಂದು ಮತ್ತೊಬ್ಬರು. ಎರಡು ಮಾತುಗಳಲ್ಲಿಯೂ ಸತ್ಯಾಂಶವಿದೆ. ಆದರೆ ವಿಚಾರವು ಆರಂಭವಾಗುವ ಮೊದಲೇ ಎರಡೂ ಅದನ್ನು ಮುಗಿಸಿಬಿಡುವವು. ಮಕ್ಕಳುಳ್ಳ ಗೃಹಸ್ಥರು ಈ ವಿಷಯವನ್ನು ಸ್ವಲ್ಪ ಸಾವಧಾನವಾಗಿ ವಿವೇಚಿಸುವದು ಒಳ್ಳೆಯದು.

ಜನರ ಕೋಪವು ನಿಷ್ಕಾರಣವಾದುದಲ್ಲ. ೨೦೧೨ನೆಯ ಇಸವಿಯ ಡಿಸೆಂಬರ್ ೧೬ರ ರಾತ್ರಿ ದಿಲ್ಲಿಯಲ್ಲಿ ಓಡುವ ಬಸ್ಸಿನೊಳಗೆ ಒಬ್ಬ ತರುಣಿಯ ಮೇಲೆ ನಡೆದ ಅತ್ಯಾಚಾರವನ್ನೂ ಅವಳ ಮರಣವನ್ನೂ ಮರೆತವರಿಲ್ಲ. ಆರು ಜನ ಆರೋಪಿಗಳಲ್ಲಿ ಒಬ್ಬನಿಗೆ ಹದಿನೆಂಟು ತುಂಬಲು ಕೆಲವೇ ತಿಂಗಳು ಕಡಿಮೆಯಿದ್ದವು. ಆಗಿನ ಕಾಯದೆಯಂತೆ ಅವನಿಗೆ ದೊರೆತದ್ದು ವಿಶೇಷಗೃಹದಲ್ಲಿ ಮೂರು ವರ್ಷದ ವಾಸ ಮಾತ್ರ. ೨೦೧೫ರ ಡಿಸೆಂಬರಿನಲ್ಲಿ ಅವನು ಹೊರಬಿದ್ದನು. ಅದರ ಬೆನ್ನಿಗೇ ರಾಜ್ಯಸಭೆಯು ಹೊಸ ಬಾಲನ್ಯಾಯ ಕಾಯದೆಗೆ ಒಪ್ಪಿಗೆಯಿತ್ತಿತು. ೨೦೧೬ರ ಜನವರಿ ೧೫ರಿಂದ ಅದು ಜಾರಿಗೆ ಬಂದಿತು. ಮಗಳನ್ನು ಕಳೆದುಕೊಂಡ ತಾಯಿತಂದೆಗಳು ‘ನಮ್ಮ ಪಾಲಿಗೆ ನ್ಯಾಯವೆಲ್ಲಿ?’ ಎಂದು ಕೇಳಿದರೆ, ಶಾಸ್ತ್ರವನ್ನು ಎತ್ತಿ ತೋರಿಸಿ ಅವರ ಬಾಯಿ ಮುಚ್ಚಿಸಲಾಗದು.

ಆದರೂ ಯಾವಜ್ಜೀವ ಶಿಕ್ಷೆಯೆಂದರೇನೆಂಬದನ್ನು ಮೊದಲು ತಿಳಿಯಬೇಕು. ಬ್ರಿಟಿಷರ ಕಾಲದಲ್ಲಿ ಅದು ಸಮುದ್ರದಾಚೆಯ ಗಡೀಪಾರಾಗಿತ್ತು. ನಮ್ಮ ಹಿರಿಯರು ಅದನ್ನು ಕರಿನೀರಿನ ಶಿಕ್ಷೆಯೆನ್ನುತ್ತಿದ್ದರು. ೧೯೫೫ರ ತಿದ್ದುಪಡಿಯಿಂದ ಅದರ ಸ್ಥಾನಕ್ಕೆ ಯಾವಜ್ಜೀವ ಕಾರಾವಾಸವು ಬಂದಿತು. ಹದಿನಾಲ್ಕು ವರ್ಷ ಕಳೆದೊಡನೆ ಸೆರೆಮನೆಯ ಬಾಗಿಲು ತಾನಾಗಿ ತೆರೆಯುವದೆಂದು ಬಹುಜನರ ತಿಳಿವಳಿಕೆ, ಅದು ಸರಿಯಲ್ಲ. ಯಾವಜ್ಜೀವವೆಂದರೆ ಶಿಕ್ಷಿತನ ಉಳಿದ ಆಯುಷ್ಯವೆಲ್ಲವೂ ಎಂದು ೧೯೬೧ರಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿತು. ಹದಿನಾಲ್ಕು ವರ್ಷವೆಂಬದು, ಮರಣದಂಡನೆಗೂ ಅರ್ಹವಾದ ಅಪರಾಧಗಳಲ್ಲಿ ಅದಕ್ಕಿಂತ ಮುಂಚೆ ಬಿಡಲಾಗದೆಂಬ ಕೆಳಗಿನ ಮಿತಿ. ಆ ಬಳಿಕ ಬಿಡುವದೂ ಬಿಡದಿರುವದೂ ಸರಕಾರದ ಅನುಗ್ರಹಕ್ಕೆ ಸೇರಿದ್ದು.

ಇಲ್ಲಿ ಒಂದು ಸಾಮಾನ್ಯ ಗಣಿತವನ್ನು ವಾಚಕರ ಮುಂದಿಡುವೆನು. ಇಬ್ಬರೂ ಎಪ್ಪತ್ತು ವರ್ಷ ಬದುಕುವರೆಂದು ಎಣಿಸಿದರೆ, ನಾಲ್ವತ್ತರ ಮನುಷ್ಯನಿಗೆ ಮೂವತ್ತು ವರ್ಷವಾಗುವ ಶಿಕ್ಷೆಯು ಹದಿನಾರರ ಹುಡುಗನಿಗೆ ಐವತ್ತುನಾಲ್ಕು ವರ್ಷವಾಗುವದು. ಹೆಸರು ಒಂದೇ, ಅಪರಾಧವೂ ಒಂದೇ. ಆದರೆ ಬುದ್ಧಿ ಕಡಿಮೆಯಿದ್ದವನಿಗೆ ಭಾರವು ಹೆಚ್ಚು.

ನಮ್ಮ ಪ್ರಾಚೀನರು ಇದಕ್ಕೆ ವಿಪರೀತವಾದ ಕ್ರಮವನ್ನು ಹಿಡಿದಿದ್ದರು. ದಂಡವೆಂಬ ಶಬ್ದವನ್ನು ಸ್ಮೃತಿಕಾರರು ದಮನಾರ್ಥದ ಧಾತುವಿನಿಂದ ಸಾಧಿಸುವರು. ಪಳಗಿಸುವದೇ ಅದರ ಕೆಲಸ. ಎಂಟು ವರ್ಷದವರೆಗೆ ಶಿಶುವು ಗರ್ಭಸ್ಥನಿಗೆ ಸಮಾನನೆಂದೂ, ಹದಿನಾರರವರೆಗೆ ಬಾಲನೆಂದೂ ನಾರದಸ್ಮೃತಿಯು ವಿಭಾಗಿಸುವದು. ಕಲ್ಯಾಣದಲ್ಲಿ ಚಾಳುಕ್ಯ ಆರನೆಯ ವಿಕ್ರಮಾದಿತ್ಯನು ಆಳುತ್ತಿರುವಾಗ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕನ್ನಡನಾಡಿನವನೇ. ಹದಿನಾರು ತುಂಬದವರಿಗೂ ಎಂಬತ್ತು ಮೀರಿದವರಿಗೂ ಪ್ರಾಯಶ್ಚಿತ್ತವು ಅರ್ಧವೆಂಬ ವಚನವನ್ನು ಅವನು ಎತ್ತಿಕೊಳ್ಳುವನು. ಹನ್ನೊಂದು ತುಂಬದ ಬಾಲನ ಪಕ್ಷದಲ್ಲಿ ತಂದೆಯೋ ಅಣ್ಣನೋ ಬಂಧುವೋ ಅದನ್ನು ಆಚರಿಸಬೇಕೆಂದೂ ಹೇಳುವನು. ಪ್ರಾಯಶ್ಚಿತ್ತವು ಬೇರೆ, ರಾಜದಂಡವು ಬೇರೆ ಎಂಬದು ನಿಜ. ಆದರೂ ಅಳತೆಗೋಲು ಯಾವ ಕಡೆಗೆ ಬಾಗಿತ್ತೆಂಬದು ಇದರಿಂದ ಸ್ಪಷ್ಟವಾಗುವದು. ಸ್ಮೃತಿಯು ಅರ್ಧವೆಂದ ಕಡೆಯಲ್ಲಿ ನಾವು ಹೆಚ್ಚುಕಡಿಮೆ ಇಮ್ಮಡಿಯನ್ನು ವಿಧಿಸಹೊರಟಿದ್ದೇವೆ.

ಮಹಾಭಾರತದ ಆದಿಪರ್ವದಲ್ಲಿ ಬರುವ ಮಾಂಡವ್ಯನ ಕಥೆಯನ್ನು ಹಿರಿಯರು ಬಲ್ಲರು. ಕಳ್ಳರು ಆಶ್ರಮದಲ್ಲಿ ಅಡಗಿದರು. ಮೌನವ್ರತದಲ್ಲಿದ್ದ ಋಷಿಯನ್ನು ರಾಜಭಟರು ಶೂಲಕ್ಕೇರಿಸಿದರು. ಯಾವ ಪಾಪದ ಫಲವಿದೆಂದು ಅವನು ಮುಂದೆ ಧರ್ಮರಾಜನನ್ನು ಕೇಳಲು, ಬಾಲ್ಯದಲ್ಲಿ ಹುಳಗಳಿಗೆ ಹುಲ್ಲುಕಡ್ಡಿ ಚುಚ್ಚಿದ್ದರ ಫಲವೆಂಬ ಉತ್ತರ ಬಂದಿತು. ಅಲ್ಪ ತಪ್ಪಿಗೆ ಇಷ್ಟು ದೊಡ್ಡ ದಂಡವೇ ಎಂದು ಮಾಂಡವ್ಯನು ಧರ್ಮನಿಗೇ ಮನುಷ್ಯಜನ್ಮದ ಶಾಪವನ್ನಿತ್ತನು. ವಿದುರನಾಗಿ ಹುಟ್ಟಿದವನು ಆ ಧರ್ಮನೇ. ಹದಿನಾಲ್ಕು ವರ್ಷದೊಳಗೆ ಮಾಡಿದ್ದು ಪಾತಕವೆನಿಸಲಾಗದೆಂದು ಋಷಿಯು ಅಂದೇ ಮೇರೆಯನ್ನೂ ಹಾಕಿದನು. ಕೊಲೆಗೂ ಹುಳವನ್ನು ಚುಚ್ಚುವದಕ್ಕೂ ಸಾಮ್ಯವೆಲ್ಲಿ ಎಂದು ಕೇಳಬಹುದು. ಇಲ್ಲವೆಂಬದು ಸರಿಯೇ. ಆದರೆ ಅಳತೆ ತಪ್ಪಿದ ದಂಡನೆಯಲ್ಲಿ ದೋಷವು ದಂಡಿಸಿದವನಿಗೂ ತಗಲುವದೆಂಬಷ್ಟು ತತ್ತ್ವವು ಎಲ್ಲ ಕಾಲಕ್ಕೂ ಸಲ್ಲುವಂಥದು.

ಆಧುನಿಕ ಕಾಯದೆಯೂ ಈ ದಾರಿಯನ್ನೇ ಮೆಲ್ಲಮೆಲ್ಲನೆ ಹಿಡಿಯಿತು. ೧೮೬೦ರ ದಂಡಸಂಹಿತೆಯಲ್ಲಿ ಏಳು ವರ್ಷದೊಳಗಿನವರ ಯಾವ ಕೃತ್ಯವೂ ಅಪರಾಧವಲ್ಲ. ಏಳರಿಂದ ಹನ್ನೆರಡರವರೆಗಿನವರ ವಿಷಯದಲ್ಲಿ ಬುದ್ಧಿಯ ಪಕ್ವತೆಯನ್ನು ನೋಡಬೇಕು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯಸಂಹಿತೆಯೂ ಇದನ್ನು ಹಾಗೆಯೇ ಉಳಿಸಿಕೊಂಡಿದೆ. ಮಕ್ಕಳನ್ನು ದೊಡ್ಡ ಕೈದಿಗಳೊಡನೆ ಇಡಲಾಗದೆಂದು ೧೯೧೯–೨೦ರ ಸೆರೆಮನೆಗಳ ಸಮಿತಿಯು ಹೇಳಿದ ಮೇಲೆ ಮದರಾಸು ಇಲಾಖೆಯು ೧೯೨೦ರಲ್ಲಿಯೂ, ನಮ್ಮ ಜಿಲ್ಲೆಯು ಆಗ ಸೇರಿದ್ದ ಮುಂಬಯಿ ಇಲಾಖೆಯು ೧೯೨೪ರಲ್ಲಿಯೂ ಮಕ್ಕಳ ಕಾಯದೆಗಳನ್ನು ಮಾಡಿದವು. ಹರೆಯದ ಅಪರಾಧಿಗಳಿಗಾಗಿ ೧೯೨೯ರಲ್ಲಿ ಮುಂಬಯಿ ಇಲಾಖೆಯು ಬೋರ್ಸ್ಟಲ್ ಶಾಲೆಗಳ ಕಾಯದೆಯನ್ನೂ ಮಾಡಿತು. ಅಂಥ ಶಾಲೆಯು ಧಾರವಾಡದಲ್ಲಿತ್ತು. ಏಕೀಕರಣದ ನಂತರ ೧೯೬೪ರಲ್ಲಿ ನಮ್ಮ ರಾಜ್ಯಕ್ಕೆಲ್ಲ ಒಂದೇ ಮಕ್ಕಳ ಕಾಯದೆಯಾಯಿತು. ೧೯೮೬ರ ಅಖಿಲಭಾರತ ಕಾಯದೆಯು ಹುಡುಗರಿಗೆ ಹದಿನಾರು, ಹುಡುಗಿಯರಿಗೆ ಹದಿನೆಂಟು ವರ್ಷದ ಮೇರೆಯನ್ನಿಟ್ಟಿತು. ೨೦೦೦ದ ಕಾಯದೆಯು ಇಬ್ಬರಿಗೂ ಹದಿನೆಂಟನ್ನೇ ಮಾಡಿತು.

ಈಗಿನ ೨೦೧೫ರ ಕಾಯದೆಯ ಸಾರವಿದು. ಹದಿನೆಂಟು ತುಂಬದವನ ವಿಚಾರಣೆಯು ಒಬ್ಬ ನ್ಯಾಯಾಧೀಶರೂ ಇಬ್ಬರು ಸಮಾಜಸೇವಕರೂ ಕೂಡಿದ ಬಾಲನ್ಯಾಯ ಮಂಡಲಿಯ ಮುಂದೆ ನಡೆಯತಕ್ಕದ್ದು. ಆ ಇಬ್ಬರಲ್ಲಿ ಒಬ್ಬರಾದರೂ ಸ್ತ್ರೀಯಾಗಿರಬೇಕು. ಸಾಮಾನ್ಯವಾಗಿ ವಿಶೇಷಗೃಹದಲ್ಲಿ ಮೂರು ವರ್ಷಕ್ಕೆ ಮೀರಿ ಇಡುವಂತಿಲ್ಲ. ಆದರೆ ಹದಿನಾರು ದಾಟಿದವನ ಮೇಲೆ, ಕನಿಷ್ಠ ಏಳು ವರ್ಷದ ಶಿಕ್ಷೆಯುಳ್ಳ ಘೋರಾಪರಾಧದ ಆರೋಪವಿದ್ದರೆ, ಅವನ ಮನಶ್ಶಕ್ತಿಯನ್ನೂ ಪರಿಣಾಮಜ್ಞಾನವನ್ನೂ ಸಂದರ್ಭವನ್ನೂ ಮಂಡಲಿಯು ಪರಾಮರ್ಶಿಸಿ, ದೊಡ್ಡವನಂತೆ ವಿಚಾರಿಸಲು ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಶಿಕ್ಷೆಯಾದರೂ ಇಪ್ಪತ್ತೊಂದು ವರ್ಷದವರೆಗೆ ಅವನನ್ನು ಸುರಕ್ಷಿತ ಸ್ಥಳದಲ್ಲಿಯೇ ಇಡಬೇಕು. ಆಗ ಅವನು ಸುಧಾರಿಸಿರುವನೋ ಇಲ್ಲವೋ ನೋಡಿ, ಕಟ್ಟಳೆಗಳೊಡನೆ ಬಿಡುವದೋ, ಉಳಿದ ಅವಧಿಗೆ ಸೆರೆಮನೆಗೆ ಕಳಿಸುವದೋ ನಿರ್ಧರಿಸಬೇಕು. ಮರಣದಂಡನೆಯಂತೂ ಇಲ್ಲ. ಬಿಡುಗಡೆಯ ಸಂಭವವೇ ಇಲ್ಲದ ಯಾವಜ್ಜೀವ ಶಿಕ್ಷೆಯೂ ಇಲ್ಲ.

ಈ ಕೊನೆಯ ಮಾತನ್ನು ಎರಡು ಸಲ ಓದಬೇಕು. ೨೦೦೦ದ ಕಾಯದೆಯು ಬಾಲನಿಗೆ ಯಾವಜ್ಜೀವ ಶಿಕ್ಷೆಯನ್ನು ಪೂರ್ತಿಯಾಗಿ ನಿಷೇಧಿಸಿತ್ತು. ಈಗಿನದು ಬಿಡುಗಡೆಯ ಸಂಭವವಿಲ್ಲದ್ದನ್ನು ಮಾತ್ರ ನಿಷೇಧಿಸುವದು. ಎಂದರೆ, ಬಿಡುಗಡೆಯ ಸಂಭವವನ್ನು ಹೆಸರಿಗೆ ಉಳಿಸಿ ಹದಿನಾರು ದಾಟಿದವನಿಗೆ ಯಾವಜ್ಜೀವ ವಿಧಿಸಲು ದಾರಿಯುಂಟಾಯಿತು. ಆ ಸಂಭವವು ಅಂತ್ಯದಲ್ಲಿ ಸರಕಾರದ ಅನುಗ್ರಹವನ್ನೇ ಅವಲಂಬಿಸುವದೆಂದು ಮೇಲೆ ಹೇಳಿದೆನಷ್ಟೆ. ನನ್ನ ಆಕ್ಷೇಪವಿರುವದು ಇಲ್ಲಿಯೇ. ಬಾಲಾಪರಾಧಿಯ ಬಿಡುಗಡೆಯ ಬಾಗಿಲು ತೀರ್ಪಿನಲ್ಲಿಯೇ ಇರಬೇಕು, ಅನುಗ್ರಹದಲ್ಲಿ ಅಲ್ಲ.

ಇನ್ನು ಎದುರುವಾದಗಳನ್ನು ನೋಡೋಣ. ಹದಿನೇಳರ ಹುಡುಗನಿಗೆ ಕೊಲ್ಲುವದು ತಪ್ಪೆಂದು ತಿಳಿಯದೇ? ತಿಳಿಯುವದು, ಸಂದೇಹವಿಲ್ಲ. ಆದರೆ ತಿಳಿಯುವದು ಬೇರೆ, ತಿಳಿದದ್ದಕ್ಕೆ ಮನಸ್ಸನ್ನು ಕಟ್ಟಿಹಾಕುವದು ಬೇರೆ. ಆವೇಗವನ್ನು ತಡೆಯುವ ಮೆದುಳಿನ ಮುಂಭಾಗವು ಇಪ್ಪತ್ತು ವರ್ಷ ದಾಟಿದ ಮೇಲೂ ಬೆಳೆಯುತ್ತಿರುವದೆಂದು ವೈದ್ಯವಿಜ್ಞಾನವು ಹೇಳುವದು. ಶಾಲೆಯಲ್ಲಿ ಆಯುಷ್ಯ ಕಳೆದವರಿಗೆ ಅದು ಹೊಸ ಸಂಗತಿಯಲ್ಲ: ಒಬ್ಬೊಬ್ಬರಾಗಿ ಸಾಧುಗಳಾದ ಹುಡುಗರು ನಾಲ್ಕು ಜನ ಸೇರಿದಾಗ ಏನಾಗುವರೆಂಬದನ್ನು ಎಲ್ಲ ಶಿಕ್ಷಕರೂ ಬಲ್ಲರು. ಅದೇ ಹುಡುಗರು ಮೂವತ್ತಕ್ಕೆ ಬಂದರಿನ ದೋಣಿಗಳ ಒಡೆಯರಾಗಿ, ಮಕ್ಕಳ ಕೈ ಹಿಡಿದು ಶಾಲೆಗೆ ಬರುವದನ್ನೂ ನಾವು ಕಂಡಿದ್ದೇವೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬ ಗಾದೆಯನ್ನು ಕಠಿಣ ಶಿಕ್ಷೆಯ ಪರವಾಗಿ ಹೇಳುವವರುಂಟು. ಆದರೆ ಆ ಗಾದೆಯ ಜೀವಾಳವೇ ಗಿಡವು ಬಗ್ಗುವದೆಂಬ ನಂಬಿಕೆಯಲ್ಲಿದೆ. ಬಗ್ಗುವ ಗಿಡವನ್ನು ಮರವೆಂದು ಕಡಿದು ಹಾಕಲು ಅದು ಹೇಳಿಲ್ಲ.

ಕಠಿಣ ಶಿಕ್ಷೆಯ ಭಯದಿಂದ ಉಳಿದವರು ಎಚ್ಚರಗೊಳ್ಳುವರೆಂಬದು ಎರಡನೆಯ ವಾದ. ಮುಂದಾಲೋಚನೆಯಿಲ್ಲದ್ದೇ ಯಾರ ದೋಷವೋ ಅವರು ಐವತ್ತು ವರ್ಷದ ಲೆಕ್ಕ ಹಾಕಿ ಹಿಂದೆಗೆಯುವರೆಂಬದು ನಂಬಲು ಕಷ್ಟ. ದಿಲ್ಲಿಯ ಘಟನೆಯ ಬಳಿಕ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಅವರ ಸಮಿತಿಯು ೨೦೧೩ರ ಜನವರಿಯಲ್ಲಿ ವರದಿಯನ್ನೊಪ್ಪಿಸಿತು. ದೇಶವೆಲ್ಲ ಕುದಿಯುತ್ತಿದ್ದ ಆ ದಿನಗಳಲ್ಲಿಯೂ ವಯೋಮಿತಿಯನ್ನು ಹದಿನಾರಕ್ಕೆ ಇಳಿಸಲು ಅದು ಒಪ್ಪಲಿಲ್ಲ. ಅದೇ ೨೦೧೩ರ ಸರಕಾರಿ ಅಂಕಿಗಳಂತೆ ದಂಡಸಂಹಿತೆಯ ಒಟ್ಟು ಅಪರಾಧಗಳಲ್ಲಿ ಬಾಲಾಪರಾಧಿಗಳ ಪಾಲು ನೂರಕ್ಕೆ ೧.೨ ಮಾತ್ರವಾಗಿತ್ತು.

ಮೂರನೆಯದು ನೊಂದವರ ಮಾತು. ಅದು ಎಲ್ಲಕ್ಕಿಂತ ಭಾರವಾದದ್ದು. ಘೋರಕೃತ್ಯಕ್ಕೆ ಮೂರು ವರ್ಷವು ಸಾಲದೆಂದು ಅವರು ಹೇಳಿದರೆ ನಾನೂ ಒಪ್ಪುವೆನು. ಆದರೆ ಮೂರು ವರ್ಷ ಸಾಲದೆಂಬದರಿಂದ ಜನ್ಮವೆಲ್ಲ ಬೇಕೆಂಬದು ಸಿದ್ಧವಾಗುವದಿಲ್ಲ. ಇವೆರಡರ ನಡುವೆ ಅವಧಿ ಗೊತ್ತಾದ ದೀರ್ಘಶಿಕ್ಷೆಯುಂಟು. ಗೊತ್ತಾದ ಕಾಲಕ್ಕೆ ಪುನರ್ವಿಚಾರವುಂಟು. ಅಲ್ಲಿ ನೊಂದವರ ಮಾತನ್ನು ಕೇಳುವ ಏರ್ಪಾಡೂ ಆಗಬಹುದು.

ಹೊರದೇಶಗಳ ಸ್ಥಿತಿಯನ್ನು ಸಂಕ್ಷೇಪವಾಗಿ ಹೇಳುವದಾದರೆ: ಬಿಡುಗಡೆಯಿಲ್ಲದ ಯಾವಜ್ಜೀವವನ್ನು ಮಕ್ಕಳಿಗೆ ವಿಧಿಸಲಾಗದೆಂದು ೧೯೮೯ರ ಮಕ್ಕಳ ಹಕ್ಕುಗಳ ಒಡಂಬಡಿಕೆಯು ಸಾರಿತು, ಭಾರತವು ೧೯೯೨ರಲ್ಲಿ ಅದಕ್ಕೆ ಸೇರಿತು. ಅಮೇರಿಕೆಯ ಸಂಯುಕ್ತ ಸಂಸ್ಥಾನಗಳು ಅದನ್ನು ಇಂದಿಗೂ ಅಂಗೀಕರಿಸಿಲ್ಲ. ಆದರೂ ಹದಿನಾಲ್ಕರ ವಯಸ್ಸಿನಲ್ಲಿ ಅಪರಾಧವೆಸಗಿದ ಇಬ್ಬರ ಮೊಕದ್ದಮೆಗಳಲ್ಲಿ, ಅಂಥ ಶಿಕ್ಷೆಯನ್ನು ಕಡ್ಡಾಯವಾಗಿ ವಿಧಿಸುವ ಕಾಯದೆಗಳನ್ನು ಅಲ್ಲಿಯ ಪರಮೋಚ್ಚ ನ್ಯಾಯಾಲಯವು ೨೦೧೨ರಲ್ಲಿ ರದ್ದುಗೊಳಿಸಿತು.

ಅಷ್ಟು ದೂರಕ್ಕೆ ಹೋಗುವದೂ ಬೇಡ. ನಮ್ಮ ಸರ್ವೋಚ್ಚ ನ್ಯಾಯಾಲಯದ ಎರಡು ತೀರ್ಪುಗಳನ್ನು ಗೃಹಸ್ಥರು ಅವಶ್ಯವಾಗಿ ತಿಳಿದಿರಬೇಕು. ೧೯೯೪ರಲ್ಲಿ ಪುಣೆಯಲ್ಲಿ ನಡೆದ ಏಳು ಕೊಲೆಗಳಿಗಾಗಿ ಮರಣದಂಡನೆ ಪಡೆದು, ಇಪ್ಪತ್ತೆಂಟು ವರ್ಷಕ್ಕೂ ಮೀರಿ ಸೆರೆಯಲ್ಲಿದ್ದ ಒಬ್ಬನನ್ನು ನ್ಯಾಯಾಲಯವು ೨೦೨೩ರ ಮಾರ್ಚಿಯಲ್ಲಿ ಬಿಡುಗಡೆ ಮಾಡಿತು. ಕೃತ್ಯದ ದಿನ ಅವನಿಗೆ ಹನ್ನೆರಡೂವರೆ ವರ್ಷ ಮಾತ್ರವೆಂದು ರಾಜಸ್ಥಾನದ ಶಾಲೆಯ ದಾಖಲೆಯಿಂದ ಸ್ಥಿರಪಟ್ಟಿತು. ೧೯೯೪ರಲ್ಲಿಯೇ ದೆಹರಾದೂನಿನಲ್ಲಿ ನಡೆದ ಮೂರು ಕೊಲೆಗಳ ಅಪರಾಧಿಗೂ ಮರಣದಂಡನೆಯಾಗಿತ್ತು. ೨೦೧೨ರಲ್ಲಿ ರಾಷ್ಟ್ರಪತಿಗಳು ಅದನ್ನು ಇಳಿಸಿ, ಅರವತ್ತು ವರ್ಷ ತುಂಬುವವರೆಗೆ ಬಿಡಲಾಗದೆಂಬ ಕಟ್ಟಳೆಯೊಡನೆ ಯಾವಜ್ಜೀವವಾಗಿ ಮಾರ್ಪಡಿಸಿದರು. ಕೃತ್ಯದ ಕಾಲಕ್ಕೆ ಅವನು ಹದಿನಾಲ್ಕು ವರ್ಷದವನೆಂದು ೨೦೨೫ರ ಜನವರಿಯಲ್ಲಿ ನ್ಯಾಯಾಲಯವು ಕಂಡು, ಇಪ್ಪತ್ತೈದು ವರ್ಷಗಳ ಸೆರೆಯ ಬಳಿಕ ಅವನನ್ನು ಬಿಟ್ಟಿತು. ಅವನ ಹೆಸರಿನಲ್ಲಿ ಬ್ಯಾಂಕಿನ ಖಾತೆಯಿತ್ತೆಂಬದನ್ನೇ ಹಿಡಿದು ಕೆಳಗಿನ ನ್ಯಾಯಾಲಯವು ಅವನನ್ನು ಪ್ರಾಪ್ತವಯಸ್ಕನೆಂದು ಎಣಿಸಿತ್ತು.

ಈ ಎರಡು ಪ್ರಕರಣಗಳಿಂದ ಶಿಕ್ಷಕರೂ ತಂದೆತಾಯಿಗಳೂ ಕಲಿಯತಕ್ಕದ್ದು ಬಹಳವಿದೆ. ವಯಸ್ಸಿನ ನಿರ್ಣಯಕ್ಕೆ ಕಾಯದೆಯು ಮೊದಲು ನೋಡುವದು ಶಾಲೆಯ ಅಥವಾ ಪರೀಕ್ಷಾಮಂಡಳದ ಪ್ರಮಾಣಪತ್ರವನ್ನು. ಅದಿಲ್ಲದಿದ್ದರೆ ಪುರಸಭೆಯ ಅಥವಾ ಪಂಚಾಯತಿಯ ಜನನಪತ್ರವನ್ನು. ಎರಡೂ ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆಯನ್ನು. ನಮ್ಮ ಪ್ರಾಂತದ ಹಳೆಯ ದಾಖಲಾತಿ ಪುಸ್ತಕಗಳನ್ನು ತೆರೆದರೆ ಎಷ್ಟೋ ಮಕ್ಕಳು ಜೂನ್ ೧ರಂದೇ ಹುಟ್ಟಿದವರು! ತಾಯಿಯು ‘ಆ ವರುಷ ದೊಡ್ಡ ಮಳೆ ಬಂದಾಗ’ ಎನ್ನುವಳು. ಗುರುಗಳು ಶಾಲೆ ಸೇರಲು ಅನುಕೂಲವಾದ ತಾರೀಖನ್ನು ಬರೆಯುವರು. ಆಗ ಅದು ನಗುವ ಸಂಗತಿ. ಆದರೆ ಹದಿನೆಂಟರ ಗೆರೆಯ ಮೇಲೆ ನಿಂತ ಹುಡುಗನಿಗೆ ಆ ಒಂದು ಸಾಲಿನಿಂದ ಮೂರು ವರ್ಷವೋ ಜನ್ಮವೆಲ್ಲವೋ ಎಂಬದು ನಿಶ್ಚಯವಾಗುವದು. ಮನುಷ್ಯನ ಲೆಕ್ಕಣಿಕೆಯು ಇಷ್ಟು ಜಾರುವಂಥದಾಗಿರುವಾಗ, ಹಿಂದಿರುಗದ ಶಿಕ್ಷೆಯನ್ನು ಅದರ ಮೇಲೆ ನಿಲ್ಲಿಸುವದು ವಿವೇಕವೇ?

ಆದುದರಿಂದ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುವೆನು. ಬಾಲಾಪರಾಧಿಗೆ ಶಿಕ್ಷೆ ಬೇಡವೆಂದಲ್ಲ. ಘೋರಾಪರಾಧಕ್ಕೆ ಮೂರು ವರ್ಷವೇ ಸಾಕೆಂದೂ ಅಲ್ಲ. ಆದರೆ ಯಾವಜ್ಜೀವವೆಂಬ ಶಬ್ದವು ಹದಿನೆಂಟರೊಳಗಿನವರ ತೀರ್ಪಿನಲ್ಲಿ ಬರಕೂಡದು. ೨೦೦೦ದ ಕಾಯದೆಯ ನಿಷೇಧವು ಈ ಮಟ್ಟಿಗೆ ಮರಳಿ ಬರಬೇಕು. ಶಿಕ್ಷೆಯ ಅವಧಿ ಗೊತ್ತಾಗಿರಬೇಕು. ಇಪ್ಪತ್ತೊಂದರ ಪರಾಮರ್ಶವು ತಜ್ಞರಿಂದ ನಡೆಯಬೇಕು. ಆಗ ಬಿಡುಗಡೆಯಾಗದವನಿಗೆ ಮುಂದೆಯೂ ಕಾಲಕಾಲಕ್ಕೆ ಪುನರ್ವಿಚಾರವು ಹಕ್ಕಾಗಿ ದೊರೆಯಬೇಕು.

ಸರಕಾರದ ಕೆಲಸವು ಅದು. ಗೃಹಸ್ಥರ ಕೆಲಸವೂ ಉಂಟು. ಮಗು ಹುಟ್ಟಿದ ಇಪ್ಪತ್ತೊಂದು ದಿನದೊಳಗೆ ಜನನವನ್ನು ನೋಂದಾಯಿಸಿ, ಅದೇ ತಾರೀಖನ್ನು ಶಾಲೆಯಲ್ಲಿಯೂ ಬರೆಯಿಸಿರಿ. ಅಪರಾಧದ ಆರೋಪ ಹೊತ್ತ ಬಾಲನ ಹೆಸರು, ಶಾಲೆ, ಭಾವಚಿತ್ರಗಳನ್ನು ಪ್ರಕಟಿಸುವದು ಕಾಯದೆಗೆ ವಿರುದ್ಧ. ಮೊಬೈಲಿನಲ್ಲಿ ಬಂದ ಅಂಥ ಚಿತ್ರವನ್ನು ಮುಂದಕ್ಕೆ ಕಳಿಸಬೇಡಿರಿ. ಶಿಕ್ಷೆ ಮುಗಿಸಿ ಊರಿಗೆ ಮರಳಿದ ಹುಡುಗನಿಗೆ ದೋಣಿಯಲ್ಲಿಯೋ ಅಂಗಡಿಯಲ್ಲಿಯೋ ಒಂದು ಕೆಲಸವನ್ನು ಕೊಡುವವರು ಮುಂದೆ ಬರಬೇಕು. ಎಲ್ಲರೂ ಬಾಗಿಲು ಮುಚ್ಚಿದರೆ, ನ್ಯಾಯಾಧೀಶರು ವಿಧಿಸದೆ ಬಿಟ್ಟ ಯಾವಜ್ಜೀವ ಶಿಕ್ಷೆಯನ್ನು ನೆರೆಹೊರೆಯವರೇ ವಿಧಿಸಿದಂತಾಗುವದು.